ದಾಳ ಯಾರು ಉರುಳಿಸಬೇಕು? ಆಟದ ನಿಯಮ ಬರೆಯುವ ಬಗೆ

ಮೇಜಿನ ಸುತ್ತ ಕೂತು, ಪಾತ್ರ ವಹಿಸಿ ಆಡುವ ಟೇಬಲ್‌ಟಾಪ್ ಆಟದ ನಿಯಮ ಬರೆಯುವಾಗ ಮೊದಲು ಕ್ರಿಯಾಪದ ನೋಡಿ. ‘ದಾಳ ಉರುಳಿಸಲಾಗುತ್ತದೆ’ ಎಂದರೆ ಯಾರು, ಆಟಗಾರರೋ ಆಟ ನಡೆಸುವವರೋ? ಜಗಳ ಶುರುವಾಗುವುದೇ ಇಲ್ಲಿ. ಹೀಗೆ ಬರೆಯಿರಿ:

‘ಮೆಜೆಸ್ಟಿಕ್‌ನಲ್ಲಿ ಹೊರಟ ಬಸ್ಸನ್ನು ಓಡಿ ಹತ್ತಬೇಕೇ? 20 ಮುಖದ ದಾಳ ಉರುಳಿಸಿ, ನಿಮ್ಮ ಚುರುಕುತನದ ಅಂಕ ಕೂಡಿಸಿ. 12 ಅಥವಾ ಹೆಚ್ಚು ಬಂದರೆ ಹತ್ತಿದಿರಿ. ಕಡಿಮೆಯಾದರೆ ಬಸ್ಸೂ ಹೋಯಿತು, ಚೀಲವೂ ಬಿತ್ತು.’

ಮೊದಲು ಸಂದರ್ಭ, ಆಮೇಲೆ ದಾಳ, ಕೊನೆಗೆ ಫಲ. ‘12ಕ್ಕಿಂತ ಹೆಚ್ಚು’ ಎಂದು ಬರೆದಿರೋ, ಸರಿಯಾಗಿ 12 ಬಂದವರು ಸೋತರು; ಗೆಲ್ಲುವ ಅವಕಾಶ ಶೇ. 5ರಷ್ಟು ಕಡಿಮೆಯಾಯಿತು. ‘ಚುರುಕುತನ’ ಮುಂದಿನ ಪುಟದಲ್ಲಿ ‘ಚಾಕಚಕ್ಯತೆ’ ಆದರೆ ಓದುವವರು ಅದನ್ನು ಬೇರೆಯೇ ಅಂಕ ಅಂದುಕೊಳ್ಳುತ್ತಾರೆ. ಭಾಷೆಯ ಸೊಗಸೆಲ್ಲ ಕಥೆಯ ಭಾಗಕ್ಕಿರಲಿ.

ಕರಡನ್ನು ಹೊಸಬರಿಗೆ ಕೊಟ್ಟು ಸುಮ್ಮನೆ ಕೂರಿ. ಅವರು ಪುಟ ಹಿಂದಕ್ಕೆ ತಿರುಗಿಸಿದ ಕಡೆಯಲ್ಲೆಲ್ಲ ಗುರುತು ಹಾಕಿಕೊಂಡು, ಆ ವಾಕ್ಯ ತಿದ್ದಿ.