ಓರೆಯಾಗಿ ನಿಂತಾಗ ಮಾತ್ರ ಸೋರುತ್ತಿದ್ದ ಕಾರು: ನನ್ನ ಅನುಭವ

ಕಾರಿನೊಳಗೆ ನೀರು ಬರುವ ಕೆಲಸವನ್ನು ಸಂತೋಷದಿಂದ ಕೈಗೆತ್ತಿಕೊಳ್ಳುವ ಗ್ಯಾರೇಜಿನವರು ನಮ್ಮ ಕಡೆ ಕಡಿಮೆ. ಹುಡುಕುವುದಕ್ಕೆ ಎರಡು ದಿನ ಹಿಡಿಯುತ್ತದೆ, ಸರಿಪಡಿಸುವುದಕ್ಕೆ ಅರ್ಧ ಗಂಟೆ ಸಾಕಾಗುತ್ತದೆ, ಗಿರಾಕಿಗಳು ಆ ಅರ್ಧ ಗಂಟೆಗೆ ಮಾತ್ರ ಕೂಲಿಯ ಲೆಕ್ಕ ಹಾಕುತ್ತಾರೆ. ನಾನು ಚಿಕ್ಕಮಗಳೂರಿನಲ್ಲಿ ಗ್ಯಾರೇಜು ಇಟ್ಟು 19 ವರ್ಷವಾಯಿತು. ಕಳೆದ ಆರೇಳು ಮಳೆಗಾಲಗಳಲ್ಲಿ ಕಡಿಮೆಯೆಂದರೂ 70 ಸೋರುವ ಕಾರುಗಳನ್ನು ಸರಿಪಡಿಸಿದ್ದೇನೆ. ಅವುಗಳಲ್ಲಿ ತಿರುಗಿ ಬಂದವು ನಾಲ್ಕೋ ಐದೋ ಇರಬಹುದು. ಹಾಗೆ ತಿರುಗಿ ಬಂದ ಒಂದು ಕಾರಿನ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರ ಸೋರಿಕೆಯನ್ನು ನಾನು ಕಂಡುಹಿಡಿದ ರೀತಿಯನ್ನು ನೋಡಿ, ಇದು ಕೆಲಸವಿಲ್ಲದವರು ಮಾಡುವ ಕೆಲಸ ಎಂದು ಹೇಳಿದ ಇಬ್ಬರು ಈಗ ತಮ್ಮ ಬಳಿ ಬರುವ ಸೋರುವ ಕಾರುಗಳನ್ನು ನನ್ನ ಬಳಿಗೇ ಕಳುಹಿಸುತ್ತಾರೆ.

ಕಾರು ಕೊಟ್ಟಿಗೆಹಾರದ ಕಡೆಯ ಒಬ್ಬ ಕಾಫಿ ಬೆಳೆಗಾರರದು. ಐದು ವರ್ಷ ಓಡಿದ ಡೀಸೆಲ್ ಹ್ಯಾಚ್‌ಬ್ಯಾಕ್. ಆರಿದ್ರಾ ಮಳೆ ಹಿಡಿದುಕೊಂಡ ವಾರದಲ್ಲೇ ಮುಂದಿನ ಎಡಸೀಟಿನ ಕಾಲ ಬುಡದಲ್ಲಿ ನೀರು ನಿಲ್ಲಲು ಶುರುವಾಗಿ, ಪುನರ್ವಸು ಮುಗಿಯುವ ಹೊತ್ತಿಗೆ ಹಿಂದಿನ ಸೀಟಿನ ಕೆಳಗೂ ಹರಡಿ, ಬಾಗಿಲು ತೆರೆದರೆ ಕೊಳೆತ ಎಲೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನನ್ನ ಬಳಿಗೆ ಬರುವ ಮೊದಲು ಅವರು ಮೂರು ಕಡೆ ತೋರಿಸಿದ್ದರು. ಮೊದಲನೆಯವರು ಮುಂದಿನ ಗ್ಲಾಸನ್ನೇ ತೆಗೆದು ಹೊಸದಾಗಿ ಪಿಯು (ಪಾಲಿಯುರೆಥೇನ್ ಅಂಟು) ಹಾಕಿ ಕೂರಿಸಿ ಸುಮಾರು 8,500 ರೂಪಾಯಿ ತೆಗೆದುಕೊಂಡಿದ್ದರು. ಎರಡನೆಯವರು ಎ.ಸಿ.ಯ ನೀರು ಹೊರಹೋಗುವ ಪೈಪು ಕಟ್ಟಿಕೊಂಡಿದೆ ಎಂದು ಅದನ್ನು ಶುಚಿಮಾಡಿ 1,200 ಪಡೆದಿದ್ದರು. ಎ.ಸಿ. ನೀರಾದರೆ ಗಾಡಿ ಓಡುವಾಗ ಬರಬೇಕು, ಮಣ್ಣಿಲ್ಲದೆ ತಿಳಿಯಾಗಿರಬೇಕು; ಈ ಕಾರಿನಲ್ಲಿ ಇಂಜಿನ್ ಆರಿಸಿ ರಾತ್ರಿಯಿಡೀ ನಿಲ್ಲಿಸಿದ ಮೇಲೆ ಬೆಳಿಗ್ಗೆ ನೀರು ಕಾಣುತ್ತಿತ್ತು, ಅದೂ ಕೆಂಪು ಕಲೆ ಬಿಡುವ ನೀರು. ಗಿರಾಕಿಯನ್ನು ಎರಡು ಮಾತು ಕೇಳಿದ್ದರೆ ಆ ಪೈಪಿಗೆ ಕೈಹಾಕುವ ಅಗತ್ಯವೇ ಬೀಳುತ್ತಿರಲಿಲ್ಲ.

ಮೂರನೆಯವರು ಮಾಡಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದಿತು. ಬಚ್ಚಲುಮನೆಯ ಟೈಲ್ಸಿಗೆ ಬಳಸುವ, ವಿನೆಗರ್ ವಾಸನೆಯ ಸಿಲಿಕಾನನ್ನು ವೈಪರ್ ಕೆಳಗಿನ ತೊಟ್ಟಿಯನ್ನು (ಅದೇ ಕೌಲ್) ಮುಚ್ಚುವ ಕೌಲ್ ಪ್ಯಾನಲಿನ ಅಂಚು, ಬಾಗಿಲಿನ ರಬ್ಬರ್ ಬೀಡಿಂಗ್, ಇಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲಿನ ಗ್ರೊಮೆಟ್ (ವೈರು ತೂರುವ ತೂತಿನ ರಬ್ಬರ್) ಎನ್ನದೆ ಕಂಡಕಂಡಲ್ಲಿ ಬಳಿದಿದ್ದರು. ಆ ಸಿಲಿಕಾನ್ ಒಣಗುವಾಗ ಬಿಡುವ ಆಮ್ಲ ತಗಡಿಗೆ ತುಕ್ಕು ಹಿಡಿಸುತ್ತದೆ. ಅದು ಒಮ್ಮೆ ಕೂತ ಜಾಗದ ಮೇಲೆ ಆಮೇಲೆ ಪಿಯು ಆಗಲಿ ಪೇಂಟ್ ಆಗಲಿ ಹಿಡಿಯುವುದಿಲ್ಲ. ಅದನ್ನು ಕೆರೆದು ತೆಗೆಯುವುದಕ್ಕೇ ನನ್ನ ಹುಡುಗನಿಗೆ ಒಂದು ದಿನ ಪೂರ್ತಿ ಹಿಡಿಯಿತು. ಆ ದಿನದ ಕೂಲಿಯನ್ನು ನಾನು ಗಿರಾಕಿಯಿಂದ ಕೇಳಲಿಲ್ಲ.

ನಾನೂ ಮೊದಲ ಸಲ ತಪ್ಪಿದೆ. ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ, ಹಳೆಯ ದಿನಪತ್ರಿಕೆಯ ತುಂಡುಗಳನ್ನು ಅಲ್ಲಲ್ಲಿ ಅಂಟಿಸಿ, ಪೈಪಿನಿಂದ ನೀರು ಬಿಟ್ಟಾಗ ಎಡಬಾಗಿಲಿನ ಹೊಸ್ತಿಲ ಬಳಿಯ ಕಾಗದ ಒದ್ದೆಯಾಯಿತು. ಡೋರ್ ಟ್ರಿಮ್ ತೆಗೆದು ನೋಡಿದರೆ, ಹಿಂದೆ ಯಾರೋ ದೊಡ್ಡ ಸ್ಪೀಕರ್ ಕೂರಿಸುವಾಗ ಒಳಗಿನ ಪಾಲಿಥೀನ್ ಹಾಳೆಯನ್ನು ಅಂಗೈಯಗಲ ಹರಿದು ಹಾಗೆಯೇ ಬಿಟ್ಟಿದ್ದರು. ಗ್ಲಾಸಿನ ಪಕ್ಕದಿಂದ ಬಾಗಿಲಿನೊಳಗೆ ಇಳಿಯುವ ನೀರು ಕೆಳಗಿನ ತೂತುಗಳಿಂದ ಹೊರಹೋಗುವ ಬದಲು ಆ ಹರಕಿನಿಂದ ಒಳಕ್ಕೆ ಬರುತ್ತಿತ್ತು. ದಪ್ಪ ಹಾಳೆ ಕತ್ತರಿಸಿ, ಬ್ಯೂಟೈಲ್ ಟೇಪಿನಿಂದ ಸುತ್ತಲೂ ಒತ್ತಿ ಕೂರಿಸಿ, ಮತ್ತೆ ನೀರು ಬಿಟ್ಟು ಒಣಗಿದ್ದನ್ನು ಗಿರಾಕಿಗೆ ತೋರಿಸಿ, 2,200 ರೂಪಾಯಿ ಪಡೆದು ಕಳುಹಿಸಿದೆ. ಎಂಟು ದಿನ ಕಳೆಯುವುದರೊಳಗೆ, ಪುಷ್ಯ ಮಳೆಯ ನಡುವೆ, ಅವರು ಫೋನು ಮಾಡಿ ಒಂದೇ ಮಾತು ಹೇಳಿದರು: "ನೀವೂ ಅವರ ಹಾಗೇ ಮಾಡಿಬಿಟ್ರಲ್ಲ." ದುಡ್ಡನ್ನು ವಾಪಸು ಕಳುಹಿಸಿದೆ. ಬಾಗಿಲಿನ ಸೋರಿಕೆ ನಿಜವಾಗಿಯೂ ಇತ್ತು, ಅದನ್ನು ನಿಲ್ಲಿಸಿದ್ದೂ ನಿಜ. ಆದರೆ ಅದು ಚಿಕ್ಕದು, ದೊಡ್ಡದು ಇನ್ನೊಂದು ಕಡೆ ಇತ್ತು. ಒಂದು ತೂತು ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸಿದ್ದು ನನ್ನ ತಪ್ಪು.

ಕಾರು ಮತ್ತೆ ಬಂದಾಗ ಎರಡು ದಿನ ನೀರು ಬಿಟ್ಟೆ. ಕೆಳಗಿನಿಂದ ಮೇಲಕ್ಕೆ ಹೋಗುವುದು, ಮೇಲಿನ ಭಾಗವನ್ನು ಪಾಲಿಥೀನಿನಿಂದ ಮುಚ್ಚಿಕೊಳ್ಳುವುದು, ಒಂದೊಂದು ಜಾಗಕ್ಕೆ ಹತ್ತು ನಿಮಿಷ ಕೊಡುವುದು ಇವೆಲ್ಲ ನಿಮಗೆ ಗೊತ್ತಿರುವುದೇ. ಪ್ರೆಷರ್ ವಾಷರ್ ಬಳಸಬೇಡಿ ಎಂದು ಮಾತ್ರ ಹೇಳುತ್ತೇನೆ. ಆ ಒತ್ತಡಕ್ಕೆ ಒಳ್ಳೆಯ ಬೀಡಿಂಗೂ ನೀರು ಬಿಡುತ್ತದೆ, ಸುಳ್ಳು ಸೋರಿಕೆಯ ಹಿಂದೆ ಬಿದ್ದು ದಿನ ಕಳೆಯಬೇಕಾಗುತ್ತದೆ. ಎರಡು ದಿನದ ಕೊನೆಗೂ ಒಂದು ಹನಿ ಒಳಗೆ ಬರಲಿಲ್ಲ. ಕೌಲಿನಿಂದ ಒಳಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿದರೆ ಅದೂ ಒಣಗಿಯೇ ಇತ್ತು. ಹಾಗಾಗಿ ಕೌಲ್ ಕಡೆಯಿಂದ ನೀರು ಬರುತ್ತಿಲ್ಲ ಎಂದು ನಾನು ತೀರ್ಮಾನಿಸಿದೆ.

ಮೂರನೆಯ ದಿನ ಕಾರನ್ನು ನಾನೇ ಓಡಿಸಿಕೊಂಡು ಅವರ ತೋಟಕ್ಕೆ ಹೋದೆ. ಅಷ್ಟು ದೂರ ಸುರಿಯುವ ಮಳೆಯಲ್ಲಿ ಹೋದರೂ ಕಾರಿನೊಳಗೆ ನೀರಿಲ್ಲ. ಮನೆಯ ಮುಂದೆ ನಿಲ್ಲಿಸಿ ಕಾಫಿ ಕುಡಿದು, ಒಂದೂವರೆ ಗಂಟೆ ಬಿಟ್ಟು ಬಂದು ಬಾಗಿಲು ತೆರೆದರೆ ಕಾಲಿಡುವ ಜಾಗ ಒದ್ದೆ. ಆಗ ಅಂಗಳವನ್ನು ಸರಿಯಾಗಿ ನೋಡಿದೆ. ಗುಡ್ಡದ ಮಗ್ಗುಲಲ್ಲಿ ಕಟ್ಟಿದ ಮನೆ, ಕಾರು ನಿಲ್ಲಿಸುವ ಜಾಗ ಎದುರಿಗೆ ಏರು, ಎಡಕ್ಕೆ ಇಳಿಜಾರು, ತಲೆಯ ಮೇಲೆ ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಮರಗಳು. ನನ್ನ ಗ್ಯಾರೇಜಿನ ನೆಲ ಕಾಂಕ್ರೀಟಿನದು, ಮಟ್ಟಸವಾಗಿದೆ. ಹಿಂದಿನ ಮೂರು ಕಡೆಯ ನೆಲವೂ ಹಾಗೆಯೇ. ಈ ಕಾರು ಸೋರುವ ಭಂಗಿಯಲ್ಲಿ ಅದನ್ನು ಯಾರೂ ಪರೀಕ್ಷಿಸಿರಲೇ ಇಲ್ಲ.

ಗಾರೆ ಕೆಲಸದವರ ನೀರುಮಟ್ಟದ ಕೊಳವೆಯೊಂದು ಅವರ ಮನೆಯಲ್ಲೇ ಇತ್ತು. ಅದನ್ನು ಹಿಡಿದು ಅಳೆದಾಗ ಹಿಂದಿನ ಚಕ್ರಕ್ಕಿಂತ ಮುಂದಿನದು ಸುಮಾರು ಹತ್ತು ಇಂಚು ಮೇಲಿತ್ತು, ಬಲಕ್ಕಿಂತ ಎಡ ನಾಲ್ಕು ಇಂಚು ಕೆಳಗಿತ್ತು. ಗ್ಯಾರೇಜಿಗೆ ಬಂದು ಗುಜರಿಯಿಂದ ತಂದ ದಪ್ಪ ಹಲಗೆಗಳನ್ನು ಜೋಡಿಸಿ, ಮುಂದಿನ ಎಡಚಕ್ರಕ್ಕೆ ಹತ್ತು ಇಂಚು, ಮುಂದಿನ ಬಲಚಕ್ರಕ್ಕೆ ಹದಿನಾಲ್ಕು, ಹಿಂದಿನ ಬಲಚಕ್ರಕ್ಕೆ ನಾಲ್ಕು ಇಂಚು ಎತ್ತರ ಕೊಟ್ಟು, ಹಿಂದಿನ ಎಡಚಕ್ರವನ್ನು ನೆಲದ ಮೇಲೆಯೇ ಬಿಟ್ಟು, ಚಕ್ರ ಉರುಳದಂತೆ ಎಲ್ಲಕ್ಕೂ ಕಟ್ಟೆಕಲ್ಲು ಕೊಟ್ಟು ನಿಲ್ಲಿಸಿದೆ. ಜಾಕ್ ಮೇಲೆ ನಿಲ್ಲಿಸಿ ಇದನ್ನು ಮಾಡಬಾರದು, ಒಳಗೆ ಒಬ್ಬನು ಮಲಗಿ ನೋಡಬೇಕಾಗುತ್ತದೆ. ಹಲಗೆ ಜೋಡಿಸುವುದಕ್ಕೇ ಅರ್ಧ ದಿನ ಹೋಯಿತು. ಪಕ್ಕದ ಟಿಂಕರಿಂಗ್ ಮೇಸ್ತ್ರಿ ಬಂದು ನೋಡಿ, "ಓರೆ ನಿಲ್ಲಿಸಿ ನೀರು ಬಿಟ್ರೆ ಸೋರದೇ ಇರೋ ಕಾರು ಯಾವುದಿದೆ ಮಾರಾಯ?" ಎಂದರು. ಅವರ ಮಾತಿನಲ್ಲಿ ಅರ್ಥವಿದೆ ಎಂದು ನನಗೂ ಅನ್ನಿಸಿತು; ಅದಕ್ಕೆ ಉತ್ತರವನ್ನು ಆಮೇಲೆ ಕೊಟ್ಟೆ.

ಕಾರಿನೊಳಗೆ ಗಾಳಿ ಊದುವ ಬ್ಲೋವರ್ ಪೆಟ್ಟಿಗೆಯ ಸುತ್ತ, ಫೈರ್‌ವಾಲಿನ ಒಳಮೈಗೆ ಸೀಮೆಸುಣ್ಣದ ಪುಡಿಯನ್ನು ಬ್ರಷ್‌ನಿಂದ ತೆಳುವಾಗಿ ಹಚ್ಚಿ, ಹುಡುಗನನ್ನು ಟಾರ್ಚಿನೊಂದಿಗೆ ಒಳಗೆ ಮಲಗಿಸಿ, ವೈಪರ್ ಕೆಳಗಿನ ಕೌಲ್ ಮೇಲೆ ಬರೀ ಪೈಪಿನಿಂದ ನಿಧಾನವಾಗಿ ನೀರು ಬಿಟ್ಟೆ. ಇಪ್ಪತ್ತು ನಿಮಿಷ ಏನೂ ಇಲ್ಲ. ಇಪ್ಪತ್ತೆರಡೋ ಇಪ್ಪತ್ಮೂರೋ ನಿಮಿಷಕ್ಕೆ "ಅಣ್ಣಾ, ಬಂತು" ಎಂದ. ಬ್ಲೋವರ್ ಪೆಟ್ಟಿಗೆಯ ಮೇಲ್ಭಾಗದಲ್ಲಿ ಒಂದು ಹನಿ ದಪ್ಪವಾಗುತ್ತಾ ಹೋಗಿ, ಸುಣ್ಣದ ಪುಡಿಯಲ್ಲಿ ದಾರದಷ್ಟು ಸಣ್ಣ ದಾರಿ ಕೊರೆದುಕೊಂಡು ಪೆಟ್ಟಿಗೆಯ ಹೊರಮೈ ಹಿಡಿದೇ ಇಳಿದು, ಇನ್ಸುಲೇಷನ್ ಹಿಂದೆ ಮರೆಯಾಗಿ, ಕಾರ್ಪೆಟ್ ಕೆಳಗಿನ ಫೋಮಿಗೆ ಸೇರುತ್ತಿತ್ತು. ನೀರು ಪೆಟ್ಟಿಗೆಯ ಹೊರಗಿನಿಂದ ಇಳಿಯುತ್ತಿದ್ದುದರಿಂದ ಫಿಲ್ಟರ್ ಒಣಗಿಯೇ ಉಳಿದಿತ್ತು.

ಕೌಲ್ ಪ್ಯಾನಲ್ ತೆಗೆದಾಗ ಕಾರಣ ಪೂರ್ತಿಯಾಗಿ ಕಂಡಿತು. ಆ ತೊಟ್ಟಿಯ ನೀರು ಎರಡು ತುದಿಗಳ ತೂತುಗಳಿಂದ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಒಳಗೆ ಇಳಿದು ಹೊರಹೋಗಬೇಕು. ಕಣ್ಣಿಗೆ ಕಾಣುವ ಜಾಗದ ಎಲೆಗಳನ್ನು ಎಲ್ಲರೂ ತೆಗೆದಿದ್ದರು. ಆದರೆ ಎಡತುದಿಯಲ್ಲಿ, ಫೆಂಡರ್ ಲೈನಿಂಗ್ ಹಿಂದೆ, ಎರಡು ತುಟಿಗಳು ಒತ್ತಿಕೊಂಡಂತಹ ಒಂದು ರಬ್ಬರ್ ಕೊಳವೆ ಇದೆ. ಅದನ್ನು ಹಿಂಡಿದಾಗ ಸೋಸಿ ಉಳಿದ ಕಾಫಿ ಚರಟದಂತಹ ಕಪ್ಪು ಮಣ್ಣು, ಅದರೊಳಗೆ ಸಿಲ್ವರ್ ಓಕ್ ಎಲೆಯ ನಾರು, ಒಂದು ಹಿಡಿಯಷ್ಟು ಬಂತು. ನೆಲ ಮಟ್ಟಸವಾಗಿದ್ದರೆ ಬಲಗಡೆಯ ತೂತು ನೀರನ್ನೆಲ್ಲ ಹೊರಹಾಕುತ್ತದೆ. ಎಡಕ್ಕೆ ವಾಲಿ ಮೂತಿ ಮೇಲಾಗಿ ನಿಂತರೆ ನೀರು ಎಡತುದಿಯಲ್ಲಿ, ತೊಟ್ಟಿಯ ಹಿಂಗೋಡೆಗೆ ಒತ್ತಿಕೊಂಡು ಒಂದು ಇಂಚು ನಿಲ್ಲುತ್ತದೆ. ಸರಿಯಾಗಿ ಅಲ್ಲೇ, ಗಾಳಿ ಒಳಹೋಗುವ ಕಂಠದ ಬುಡದಲ್ಲಿ, ತಗಡಿನ ಜೋಡಣೆಗೆ ಕಂಪನಿಯವರು ಹಾಕಿದ ಸೀಮ್ ಸೀಲರ್ ಎರಡು ಇಂಚು ಉದ್ದಕ್ಕೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

ಇಷ್ಟಾದ ಮೇಲೂ ಸೀಲೆಂಟಿಗೆ ಕೈಹಾಕಲಿಲ್ಲ. ಮೊದಲು ತೂತನ್ನು ಮಾತ್ರ ಬಿಡಿಸಿ, ಹಲಗೆಯ ಮೇಲೆಯೇ ನಲವತ್ತು ನಿಮಿಷ ನೀರು ಬಿಟ್ಟೆ, ಸೋರಲಿಲ್ಲ. ತೂತಿಗೆ ಬಟ್ಟೆ ತುರುಕಿ ಮತ್ತೆ ಬಿಟ್ಟೆ. ಕಾಲು ಗಂಟೆಯಲ್ಲಿ ಸೋರಿತು. ಬಿರುಕಿಗೆ ಪಿಯು ಹಾಕಿ ಎರಡು ದಿನ ಒಣಗಲು ಬಿಟ್ಟು, ಬಟ್ಟೆಯನ್ನು ಹಾಗೆಯೇ ಇಟ್ಟು ಮೂರನೆಯ ಸಲ ಬಿಟ್ಟೆ, ಸೋರಲಿಲ್ಲ. ಆಮೇಲೆ ಬಟ್ಟೆ ತೆಗೆದೆ. ಮೇಸ್ತ್ರಿಯ ಪ್ರಶ್ನೆಗೆ ಉತ್ತರವಾಗಿ, ಸರ್ವೀಸಿಗೆ ಬಂದಿದ್ದ ಅದೇ ಮಾಡೆಲಿನ ಇನ್ನೊಂದು ಕಾರನ್ನು ಅದರ ಮಾಲೀಕರನ್ನು ಕೇಳಿಕೊಂಡು ಅದೇ ಹಲಗೆಗಳ ಮೇಲೆ ನಿಲ್ಲಿಸಿ, ಮೇಸ್ತ್ರಿಯ ಎದುರಿಗೇ ಮುಕ್ಕಾಲು ಗಂಟೆ ನೀರು ಬಿಟ್ಟೆ. ಸುಣ್ಣದ ಪುಡಿಯಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಅವರು ಏನೂ ಹೇಳದೆ ಹೋದರು. ಮರುವಾರ ಒಂದು ಸೋರುವ ವ್ಯಾನನ್ನು ಕಳುಹಿಸಿದರು.

ಪಿಯು ಗಾಳಿಯ ತೇವದಿಂದಲೇ ಗಟ್ಟಿಯಾಗುವ ವಸ್ತುವಾದ್ದರಿಂದ ನಮ್ಮ ಮಳೆಗಾಲ ಅದಕ್ಕೆ ಅಡ್ಡಿಯಲ್ಲ. ಆದರೆ ಅದು ಕೂರುವ ತಗಡು ಮಾತ್ರ ಪೂರ್ತಿ ಒಣಗಿರಬೇಕು. ಬಿರುಕಿನೊಳಗೆ ಅಡಗಿರುವ ನೀರನ್ನು ಹೇಗೆ ತೆಗೆಯುತ್ತೇನೆ, ಡ್ಯಾಶ್‌ಬೋರ್ಡ್ ಬಿಚ್ಚದೆ ಆ ಇಕ್ಕಟ್ಟಿನಲ್ಲಿ ಹಳೆಯ ಸೀಲರನ್ನು ಯಾವುದರಿಂದ ಕೆರೆಯುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆ ಸಾಧನವನ್ನು ಮೂರು ಸಲ ಕೆಡಿಸಿ ನಾಲ್ಕನೆಯ ಸಲ ಸರಿಮಾಡಿಕೊಂಡಿದ್ದೇನೆ, ಅದು ನನ್ನ ಹೊಟ್ಟೆಪಾಡು.

ಒಣಗಿಸುವ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆ ಕಾರಿನ ಫೋಮನ್ನು ಬಕೆಟ್ಟಿಗೆ ಹಿಂಡಿದಾಗ ಆರು ಲೀಟರಿಗೆ ಹತ್ತಿರ ನೀರು ಬಂತು; ಮೇಲಿನಿಂದ ಮುಟ್ಟಿದರೆ ಕಾರ್ಪೆಟ್ ಬರೀ ತಣ್ಣಗಿತ್ತು. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಬಿಚ್ಚುವ ಮೊದಲು ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಕಾಯಬೇಕು, ಅದು ಏರ್‌ಬ್ಯಾಗಿನದು. ಆಷಾಢದಲ್ಲಿ ನಮ್ಮಲ್ಲಿ ಬಿಸಿಲು ಎಲ್ಲಿ? ಹಿಂದೊಮ್ಮೆ ಒಂದು ಕಾರಿನ ಫೋಮನ್ನು ನಮ್ಮ ಮನೆಯ ಬಚ್ಚಲ ಒಲೆಯ ಮೇಲೆ, ಒದ್ದೆ ಬಟ್ಟೆ ಹರವುವ ಬಿದಿರಿಗೆ ನೇತುಹಾಕಿ ಎರಡು ರಾತ್ರಿ ಒಣಗಿಸಿದ್ದೆ. ಚೆನ್ನಾಗಿ ಒಣಗಿತು, ಆದರೆ ಹೊಗೆಯ ವಾಸನೆ ಎಷ್ಟು ತೊಳೆದರೂ ಹೋಗದೆ ಹೊಸ ಫೆಲ್ಟ್ ಹಾಕಿಸಿಕೊಡಬೇಕಾಯಿತು, 1,800 ರೂಪಾಯಿ ಕೈಯಿಂದ ಹೋಯಿತು. ಈಗ ಒಂದು ಚಿಕ್ಕ ಕೋಣೆಯನ್ನು ಅದಕ್ಕೇ ಬಿಟ್ಟು, ಫ್ಯಾನು ಮತ್ತು ಹೀಟರ್ ಇಟ್ಟು ನಾಲ್ಕು ದಿನ ಒಣಗಿಸುತ್ತೇನೆ.

ಗಾಳಿಯ ಪರೀಕ್ಷೆಯನ್ನೂ ಮಾಡಿ ನೋಡಿದ್ದೇನೆ. ಗ್ಲಾಸುಗಳನ್ನು ಮುಚ್ಚಿ, ಹಿಂದಿನ ಬಂಪರ್ ಒಳಗಿನ ಗಾಳಿಕಿಂಡಿಗೆ ಟೇಪ್ ಹಾಕಿ, ಬ್ಲೋವರನ್ನು ಹೊರಗಾಳಿಗೆ ಇಟ್ಟು ಪೂರ್ತಿ ಓಡಿಸಿ, ಹೊರಗಿನಿಂದ ಸೋಪಿನ ನೀರು ಹಚ್ಚಿದರೆ ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ನೀರು ನಿಲ್ಲುತ್ತಿದ್ದ ಬೇಲೂರಿನ ಒಂದು ಟ್ಯಾಕ್ಸಿಯಲ್ಲಿ ಹಿಂದಿನ ಲೈಟಿನ ಗ್ಯಾಸ್ಕೆಟ್ ಹೋಗಿರುವುದು ಹೀಗೆ ಐದು ನಿಮಿಷದಲ್ಲಿ ಗೊತ್ತಾಯಿತು. ಕೌಲ್ ಭಾಗಕ್ಕೆ ಮಾತ್ರ ಈ ಪರೀಕ್ಷೆಯನ್ನು ನಂಬುವುದಿಲ್ಲ, ಏಕೆಂದರೆ ಬ್ಲೋವರ್ ಗಾಳಿ ಎಳೆದುಕೊಳ್ಳುವುದು ಅಲ್ಲಿಂದಲೇ. ಊದುಬತ್ತಿಯ ಹೊಗೆಯಿಂದಲೂ ನೋಡಿದೆ. ಬಾಗಿಲಿನ ಬೀಡಿಂಗಿಗೆ ಅದು ಸಾಕು, ಆದರೆ ಗಾಳಿ ಸ್ವಲ್ಪವೂ ಆಡದ ಶೆಡ್ ಬೇಕು.

ಆ ಕಾರಿಗೆ ಒಟ್ಟು 6,500 ರೂಪಾಯಿ ಹೇಳಿದೆ. ಅದರಲ್ಲಿ ಸಾಮಾನಿನ ಖರ್ಚು 900 ದಾಟಿರಲಾರದು, ಉಳಿದದ್ದು ದಿನಗಳ ಬೆಲೆ. ಅವರು ಚೌಕಾಸಿ ಮಾಡಲಿಲ್ಲ, ಆದರೆ ಅಶ್ಲೇಷಾ ಮಳೆ ಮುಗಿದ ಮೇಲೆ ಕೊಡುತ್ತೇನೆ ಎಂದರು. ನಾನೂ ಒಪ್ಪಿ, ಕಾರ್ಪೆಟ್ ಕೆಳಗೆ ಆ ದಿನದ ಪತ್ರಿಕೆಯ ಒಂದು ಹಾಳೆ ಹಾಸಿ ಕಳುಹಿಸಿದೆ. ಕಾರು ಅದೇ ಅಂಗಳದಲ್ಲಿ, ಅದೇ ಓರೆಯಲ್ಲಿ ನಿಂತಿತು. ಆಗಸ್ಟ್ ಕೊನೆಯಲ್ಲಿ ಅವರೇ ಬಂದು ಕಾರ್ಪೆಟ್ ಎತ್ತಿ ತೋರಿಸಿದಾಗ ಹಾಳೆ ಗರಿಗರಿಯಾಗಿಯೇ ಇತ್ತು. ದುಡ್ಡು ಎಣಿಸಿ ಕೊಟ್ಟರು. ಈಗ ಸೋರುತ್ತದೆ ಎಂದು ಯಾರು ಫೋನು ಮಾಡಿದರೂ, ಕಾರನ್ನು ತರುವ ಮೊದಲು ಅದು ಮನೆಯಲ್ಲಿ ನಿಲ್ಲುವ ಜಾಗದ ಎರಡು ಫೋಟೋ ಕಳುಹಿಸಿ ಎಂದು ಕೇಳುತ್ತೇನೆ, ಒಂದು ಪಕ್ಕದಿಂದ, ಒಂದು ಹಿಂದಿನಿಂದ.