ಹಳೆ ಪ್ಯಾರ್ ಕ್ಯಾನ್‌ಗಳನ್ನು ನಮ್ಮ ಶಾಲೆಯಲ್ಲಿ ತೂಗುಹಾಕಿದ ಬಗೆ

ಬದಿಯಡ್ಕದ ಹತ್ತಿರದ ನಮ್ಮ ಶಾಲೆಗೆ ರಂಗದೀಪಗಳು ಬಂದದ್ದು ಪರಿಚಯದ ನಾಟಕ ತಂಡವೊಂದು ಪೂರ್ತಿಯಾಗಿ ಎಲ್‌ಇಡಿಗೆ ಬದಲಾದಾಗ. ಗುಜರಿಗೆ ಹಾಕುವ ಬದಲು ನಮಗೆ ಕೊಟ್ಟರು. ಡಬ್ಬಿಯಾಕಾರದ 1000 ವ್ಯಾಟಿನ ಪ್ಯಾರ್ 64 ಕ್ಯಾನ್ ದೀಪಗಳು, ಲೆನ್ಸಿರುವ ಕೆಲವು ಫ್ರೆನೆಲ್ ದೀಪಗಳು, ಅವನ್ನು ಪೈಪಿಗೆ ಕಚ್ಚಿಸುವ ಕ್ಲಾಂಪುಗಳು ಒಂದು ಗೋಣಿ ತುಂಬ. ಇಷ್ಟು ಹಳತು ಯಾಕೆ ಎಂದು ಕೇಳಿದವರು ಇದ್ದಾರೆ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ ಕೆಂಪು, ಕಿರೀಟದ ಬೇಗಡೆಯ ಮಿಂಚು 3200 ಕೆಲ್ವಿನ್ನಿನ, ಅಂದರೆ ಹಳದಿ ಛಾಯೆಯ, ಹ್ಯಾಲೋಜನ್ ಬೆಳಕಿನಲ್ಲಿ ಹೇಗೆ ಎದ್ದು ಬರುತ್ತದೆಂದು ಒಮ್ಮೆ ನೋಡಿದವರು ಆಮೇಲೆ ಕೇಳುವುದಿಲ್ಲ.

ಬಲ್ಬು ಹೋದರೆ ಹೊಸತು ಹಾಕಬಹುದು. ಹಳೆ ದೀಪದಲ್ಲಿ ನಿಜವಾಗಿ ಮುಪ್ಪಾಗುವುದು ಅದನ್ನು ಹಿಡಿದುಕೊಳ್ಳುವ ಭಾಗಗಳು: ಕ್ಲಾಂಪು, ನೊಗದಂಥ ಯೋಕ್, ಅದರ ಎರಡು ಬದಿಯ ಬೋಲ್ಟು, ಬಣ್ಣದ ಹಾಳೆಯ ಚೌಕಟ್ಟು. ಕಡಲು ಹತ್ತಿರವಿರುವ ನಮ್ಮ ಊರಿನಲ್ಲಿ ಉಪ್ಪುಗಾಳಿ, ಜೂನ್‌ನಿಂದ ಬಿಡದ ಮಳೆ. ಹೊರಗೆ ಬಣ್ಣ ನೆಟ್ಟಗಿದ್ದರೂ ಬೋಲ್ಟಿನ ತಿರುಪಿನೊಳಗೆ ತುಕ್ಕು ಕೂತಿರುತ್ತದೆ. ಹಾಗಾಗಿ ಬೆಳಕು ಉರಿಸಿ ನೋಡುವ ಮೊದಲು ನಾನು ಕೂತದ್ದು ಕ್ಲಾಂಪಿನ ಗೋಣಿಯ ಮುಂದೆ.

ಕ್ಲಾಂಪುಗಳೆಲ್ಲ ಎರಕದವು. ಬೀಡುಕಬ್ಬಿಣ ಕೆಲವು, ಅಲ್ಯೂಮಿನಿಯಂ ಕೆಲವು. ಎರಕ ಬಗ್ಗುವುದಿಲ್ಲ, ಬಿರಿಯುತ್ತದೆ. ಅದೂ ಬೋಲ್ಟು ಹೋಗುವ ತೂತಿನ ಸುತ್ತ. ಕಣ್ಣಿಗೆ ಕಾಣದ ಬಿರುಕು ಹುಡುಕಲು ಗ್ಯಾರೇಜಿನವರ ಹಳೆ ಉಪಾಯವೇ ಸಾಕಾಯಿತು. ತೊಳೆದು ಒಣಗಿಸಿದ ಕ್ಲಾಂಪನ್ನು ರಾತ್ರಿಯಿಡೀ ಚಿಮಿಣಿ ಎಣ್ಣೆಯಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಚಾಕ್‌ಪೀಸಿನ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ತೆಳ್ಳಗೆ ಬಳಿದೆ. ಸ್ಪಿರಿಟ್ ಆರಿ ಬಿಳಿ ಪದರ ನಿಂತ ಮೇಲೆ, ಬಿರುಕಿದ್ದಲ್ಲಿ ಒಳಗಿದ್ದ ಎಣ್ಣೆ ನಿಧಾನ ಒಸರಿ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡುತ್ತದೆ. ಗೆರೆ ಬಂದ ಕ್ಲಾಂಪನ್ನು ವೆಲ್ಡ್ ಮಾಡಿಸುವ ಮಾತೇ ಇಲ್ಲ. ಸುತ್ತಿಗೆಯಲ್ಲಿ ಒಡೆದು ಗುಜರಿಗೆ ಹಾಕಿದೆ. ಒಡೆಯದೆ ಇಟ್ಟರೆ ಯಾರಾದರೂ ತುರ್ತಿಗೆ ಎತ್ತಿಕೊಳ್ಳುತ್ತಾರೆ.

ಬೋಲ್ಟುಗಳನ್ನು ಒಂದೂ ಬಿಡದೆ ಬದಲಿಸಿದೆ. ಚಪ್ಪಟೆಯಾದ ಸ್ಪ್ರಿಂಗ್ ವಾಷರ್ ಇದ್ದೂ ಇಲ್ಲದ ಹಾಗೆ. ನೈಲಾನ್ ಒಳಸುತ್ತಿನ ನಟ್ಟು ಹಾಕಬಹುದಲ್ಲ ಎಂದು ಎಲೆಕ್ಟ್ರಿಷಿಯನ್ ಅಣ್ಣ ಹೇಳಿದರು. ಆದರೆ ಆ ನಟ್ಟು ಸುಮಾರು 120 ಡಿಗ್ರಿಯವರೆಗೆ ಮಾತ್ರ. ಸಾವಿರ ವ್ಯಾಟಿನ ಡಬ್ಬಿಯ ಪಕ್ಕದಲ್ಲಿ ಅದನ್ನು ನಂಬುವುದಕ್ಕಿಂತ ಸ್ಪ್ರಿಂಗ್ ವಾಷರ್ ಹಾಕಿ ಎರಡು ನಟ್ಟು ಒಂದರ ಮೇಲೊಂದು ಬಿಗಿಯುವುದು ಮೇಲು.

ದೀಪಗಳನ್ನು ತೂಗುಹಾಕುವ ಪೈಪು ಸತು ಬಳಿದ ಕಬ್ಬಿಣದ್ದು (ಜಿಐ), ಅಂಗಡಿಯಲ್ಲಿ 40 ಎನ್‌ಬಿ ಅನ್ನುವ ಗಾತ್ರ, ಹೊರ ಅಳತೆ 48.3 ಮಿಲಿಮೀಟರ್. ಈ ಕ್ಲಾಂಪುಗಳು ಅದೇ ಅಳತೆಗೆ ಮಾಡಿದವು. ಚಪ್ಪರದವರ ಅಡಿಕೆ ಮರದ ಕಂಬಕ್ಕೆ ಕ್ಲಾಂಪು ಹಾಕಲು ನಾನು ಬಿಡಲಿಲ್ಲ. ಬುಡ ದಪ್ಪ, ತುದಿ ತೆಳು, ಬಿಗಿದಷ್ಟೂ ನಾರು ಕುಸಿಯುತ್ತದೆ, ಮೇಲೆ ಬಿಸಿ ಬೇರೆ. ಮೀಡಿಯಂ ದರ್ಜೆಯ ಪೈಪು ಮೀಟರಿಗೆ ಮೂರೂವರೆ ಕಿಲೋಗಿಂತ ತುಸು ಹೆಚ್ಚು. 6 ಮೀಟರಿನ ಪೈಪು, ಎಂಟು ದೀಪ, ಕೇಬಲ್ ಎಲ್ಲ ಸೇರಿ 70, 80 ಕಿಲೋ ಆಗುತ್ತದೆ. ಅದನ್ನು ಹಂಚಿನ ಮಾಡಿನ ಪಕ್ಕಾಸಿಗೆ ಕಟ್ಟುವಂತಿಲ್ಲ. ಮಾಡು ಹೊರುವ ಕಬ್ಬಿಣದ ಟ್ರಸ್ಸಿನ ಸರಳುಗಳು ಕೂಡುವ ಗಂಟು ಇರುವ ಜಾಗ ಹುಡುಕಿ, ಕಟ್ಟಡದ ಇಂಜಿನಿಯರಿಗೆ ತೋರಿಸಿ, ಅವರು ಒಪ್ಪಿದ ಮೂರು ಕಡೆಯಿಂದ ಪೈಪು ಇಳಿಬಿಟ್ಟೆವು.

ಚರ್ಚೆ ನಡೆದದ್ದು ಸುರಕ್ಷತೆಯ ಸರಿಗೆಯ, ಅಂದರೆ ಕ್ಲಾಂಪು ಬಿಟ್ಟರೂ ದೀಪ ಬೀಳದಂತೆ ಹಿಡಿಯುವ ಕಂಬಿಯ, ಬಗ್ಗೆ. “ಮಾಷ್ಟ್ರೇ, ಕ್ಲಾಂಪು ಉಂಟಲ್ಲ, ಮತ್ತೆ ಇದೆಂತಕ್ಕೆ?” ಎಂದರು ಚಪ್ಪರದ ಅಣ್ಣ. ಅವರ ಕೈಯಲ್ಲಿ ಕಟ್ಟುಕಂಬಿಯ ಸುರುಳಿ. ನಾಲ್ಕು ಸಲ ತಿರುಚಿದರೆ ತುಂಡಾಗುವ ಕಂಬಿ ಅದು. ನೈಲಾನ್ ಹಗ್ಗ ಬಿಸಿಗೆ ಕರಗುತ್ತದೆ, ಹುರಿಹಗ್ಗ ಸುಟ್ಟುಹೋಗುತ್ತದೆ. ಮಂಗಳೂರಿನ ಬಂದರಿನಲ್ಲಿ ಮೀನಿನ ದೋಣಿಯ ಸಾಮಾನು ಮಾರುವ ಅಂಗಡಿಯಿಂದ 4 ಮಿಲಿಮೀಟರಿನ ಸ್ಟೀಲ್ ವಯರ್ ರೋಪ್ ತಂದು, ಎರಡು ತುದಿಗೂ ಅಲ್ಲೇ ಫೆರುಲ್ ಎಂಬ ಲೋಹದ ಕೊಳವೆ ಒತ್ತಿಸಿ ಕಣ್ಣು ಮಾಡಿಸಿದೆ.

ಈ ಸರಿಗೆ ಎಲ್ಲಿ ಹಾದುಹೋಗುತ್ತದೆ ಎಂಬುದರಲ್ಲೇ ಇಡೀ ಕೆಲಸ ಇರುವುದು. ಬಹಳ ಕಡೆ ಪೈಪಿಗೂ ಯೋಕಿಗೂ ಒಂದು ಸುತ್ತು ಹಾಕಿ ಬಿಡುತ್ತಾರೆ. ಆಗ ಕ್ಲಾಂಪು ಬಿಟ್ಟರೆ ದೀಪ ನಿಲ್ಲುತ್ತದೆ ನಿಜ. ಆದರೆ ಯೋಕಿನ ಬದಿಯ ಬೋಲ್ಟು ಕಳಚಿದರೆ ಡಬ್ಬಿ ಕೆಳಗೆ ಬರುತ್ತದೆ, ಯೋಕ್ ಮಾತ್ರ ಸರಿಗೆಯಲ್ಲಿ ನೇತಾಡುತ್ತದೆ. ಅದಕ್ಕೆ ಸರಿಗೆ ಪೈಪನ್ನು ಸುತ್ತಿ, ಯೋಕಿನ ಒಳಗಿಂದ ಬಂದು, ಡಬ್ಬಿಗೇ ಸಿಕ್ಕಬೇಕು. ಕ್ಲಾಂಪಿನ ಯಾವ ಭಾಗವನ್ನೂ ಅದು ನೆಚ್ಚಿಕೊಂಡಿರಬಾರದು. ಹಳೆ ಡಬ್ಬಿಗಳಲ್ಲಿ ಹಾಗೆ ಸಿಕ್ಕಿಸುವ ಕೊಂಡಿಯೇ ಇರುವುದಿಲ್ಲ. ತಗಡು ತೆಳುವಾದ್ದರಿಂದ ಒಳಗಡೆ ಕಬ್ಬಿಣದ ಪಟ್ಟಿಯೊಂದನ್ನು ಒತ್ತಾಗಿಟ್ಟು, ಗಾಳಿ ಆಡುವ ಕಿಂಡಿ ಮುಚ್ಚದ ಹಾಗೆ, ತಲೆಯಲ್ಲಿ ಬಳೆಯಿರುವ ಐ-ಬೋಲ್ಟು ಕೂರಿಸಿದೆ.

ಇನ್ನೊಂದು, ಸರಿಗೆ ಗಿಡ್ಡವಿರಬೇಕು. ದೀಪ ತಿರುಗಿಸಲು ಬೇಕಾದಷ್ಟು ಸಡಿಲ ಸಾಕು. 5 ಸೆಂಟಿಮೀಟರ್ ಬೀಳುವ ದೀಪಕ್ಕೂ 30 ಸೆಂಟಿಮೀಟರ್ ಬೀಳುವ ದೀಪಕ್ಕೂ ಸರಿಗೆ ತಡೆಯಬೇಕಾದ ಶಕ್ತಿಯಲ್ಲಿ ಆರು ಪಟ್ಟು ವ್ಯತ್ಯಾಸ. ಉದ್ದ ಹೆಚ್ಚಿದ್ದರೆ ಪೈಪಿಗೆ ಇನ್ನೊಂದು ಸುತ್ತು. ಬಣ್ಣದ ಹಾಳೆಯ ಚೌಕಟ್ಟಿಗೂ ಒಂದು ಚಿಕ್ಕ ಸರಪಳಿ ಹಾಕಿದೆ, ಯಾಕೆಂದರೆ ಪ್ಯಾರ್ ಕ್ಯಾನಿನ ಮುಂದಿನ ಕ್ಲಿಪ್ಪು ಬಹಳ ಕಡೆ ಕಳೆದುಹೋಗಿತ್ತು. ಕ್ಲಿಪ್ಪಿಲ್ಲದ ದೀಪವನ್ನು ಕೆಳಮುಖ ಮಾಡಿದರೆ ಮೊದಲು ಜಾರುವುದು ಆ ಅಂಚು ಚೂಪಾದ ತಗಡು, ಅದೂ ಭಾಗವತರ ತಲೆಯ ನೇರಕ್ಕೆ.

ಮೇಲೇರಿಸುವಾಗ ಕೆಳಗೆ ಯಾರೂ ಇಲ್ಲ, ಪಾನ (ಸ್ಪ್ಯಾನರ್) ಮಣಿಕಟ್ಟಿಗೆ ಕಟ್ಟಿದೆ, ಏಣಿ ಹಿಡಿಯಲು ಒಬ್ಬರು. ಕ್ಲಾಂಪು ಪೈಪಿಗೆ ತಗಲಿಸಿದ ಕೂಡಲೆ, ಬಿಗಿಯುವ ಮೊದಲೇ, ಸರಿಗೆ ಸಿಕ್ಕಿಸುವುದು. ಇಳಿಸುವಾಗ ಸರಿಗೆ ಎಲ್ಲಕ್ಕಿಂತ ಕೊನೆಗೆ. ಬೆರಳಿನಲ್ಲಿ ಆಗುವಷ್ಟು ಬಿಗಿದು ಆಮೇಲೆ ಪಾನದಲ್ಲಿ ಕಾಲು ಸುತ್ತು. ಹುಡುಗರಿಗೆ ಬಿಟ್ಟರೆ ಪೈಪು ನೆಗ್ಗುವ ತನಕ ತಿರುವುತ್ತಾರೆ, ಮರುವರ್ಷ ಅದೇ ನೆಗ್ಗಿನಲ್ಲಿ ಕ್ಲಾಂಪು ಓರೆ ಕೂರುತ್ತದೆ.

ವಯರಿನ ವಿಷಯ ಬೇರೆಯೇ ಬರೆಯಬೇಕು, ಇಲ್ಲಿ ಇಷ್ಟು: ಒಳಗಿನ ವಯರಿಗೆ ಬಿಳಿ ನಾರಿನ ಹೊದಿಕೆ ಕಂಡರೆ ಅದು ಆಸ್ಬೆಸ್ಟಾಸ್ ಇರಬಹುದು. ಕೆರೆಯಬೇಡಿ, ಊದಬೇಡಿ. ನಾವು ತಿಳಿದವರ ಕೈಯಿಂದ ಒದ್ದೆ ಮಾಡಿಸಿ ತೆಗೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಸಿ, ಬಿಸಿ ತಡೆಯುವ ಸಿಲಿಕೋನ್ ವಯರ್ ಹಾಕಿಸಿದೆವು. ಪ್ರತಿ ಡಬ್ಬಿಗೂ ಅರ್ತ್, ಪೈಪಿಗೂ ಅರ್ತ್. ಒಂದೊಂದು ದೀಪ ನಾಲ್ಕೂಕಾಲು ಆಂಪಿಯರಿಗಿಂತ ಹೆಚ್ಚು ಎಳೆಯುವುದರಿಂದ ಒಂದೇ ಫೇಸಿಗೆ ಎಲ್ಲವನ್ನೂ ಹೇರಲಿಲ್ಲ.

ಮಳೆ ಮುಗಿದು ಕಲೋತ್ಸವದ ಅಭ್ಯಾಸ ಶುರುವಾಗುವ ಮೊದಲು ದೀಪಗಳನ್ನು ಇಳಿಸಿ ವಿದ್ಯುತ್ ನಿರೋಧನ ಅಳೆಯುವ 500 ವೋಲ್ಟಿನ ಮೆಗ್ಗರ್ ಹಾಕಿಸುತ್ತೇವೆ. ಹೋಲ್ಡರಿನ ಪಿಂಗಾಣಿ ತೇವ ಹೀರಿಕೊಂಡಿರುತ್ತದೆ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದ ದೀಪವನ್ನು ಬಿಚ್ಚಿ ಬಿಸಿಲಿಗಿಟ್ಟು ಮತ್ತೆ ಅಳೆಯುತ್ತೇವೆ. ಅದೇ ಹೊತ್ತಿಗೆ ಸರಿಗೆಯ ಮೇಲೆ ಹತ್ತಿಯ ಉಂಡೆ ಎಳೆದು ನೋಡುವುದು ನನ್ನ ಕ್ರಮ. ಒಂದು ಎಳೆ ಕಡಿದಿದ್ದರೂ ಹತ್ತಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಸರಿಗೆಯನ್ನು ತುಂಡು ಮಾಡಿ ಬಿಸಾಡಿ ಬಂದರಿನಿಂದ ಹೊಸತು ತರುತ್ತೇವೆ.