ಟ್ರಾನ್ಸೀವರ್ ನಿಯಂತ್ರಣಕ್ಕೆ ಯೂಸರ್ ಸ್ಪೇಸ್ ಸಾಕು: ನನ್ನ ಅನುಭವ

ಸ್ವಿಚ್‌ಗೆ ಸಿಕ್ಕಿಸುವ ಫೈಬರ್‌ನ ಲೇಸರ್ ಮಾಡ್ಯೂಲೇ ಟ್ರಾನ್ಸೀವರ್. ಅದನ್ನು ಕರ್ನಲ್‌ನ ಹೊರಗಿನ ಮಾಮೂಲಿ ಪ್ರೋಗ್ರಾಂನಿಂದಲೇ, ಅಂದರೆ ಯೂಸರ್ ಸ್ಪೇಸ್‌ನಿಂದಲೇ, ನಿಯಂತ್ರಿಸುತ್ತೇನೆ ಅಂದಾಗ "ಯೂಸರ್ ಸ್ಪೇಸ್‌ನಿಂದ ಮಾಡ್ಯೂಲ್‌ಗೆ ರೈಟ್ ಮಾಡ್ತೀಯಾ? ಕರ್ನಲ್ ಡ್ರೈವರ್ ಬರಿ, ಇಲ್ಲಾ ಸುಮ್ನಿರು" ಅಂತ ಹೇಳದವರೇ ಇರಲಿಲ್ಲ. ಈಗ ನಮ್ಮ ನೂರರ ಹತ್ತಿರದ ಸ್ವಿಚ್‌ಗಳಲ್ಲಿ ಲೇಸರ್ ಆನ್-ಆಫ್, ಪವರ್ ಮೋಡ್, ಡಿಡಿಎಂ (ಮಾಡ್ಯೂಲೇ ಅಳೆದು ಕೊಡುವ ಉಷ್ಣತೆ, ಕರೆಂಟ್ ಮುಂತಾದ ಅಂಕಿಗಳು) ಓದುವುದು ಎಲ್ಲವನ್ನೂ ಒಂದೇ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ, ನೋಡಿಕೊಳ್ಳುತ್ತದೆ. ವರ್ಷದ ಮೇಲಾಯಿತು, ಅದರಿಂದ ಒಂದು ಮಾಡ್ಯೂಲೂ ಕೆಟ್ಟಿಲ್ಲ.

ಅದಕ್ಕೆ ಮೊದಲು ಕೆಟ್ಟವು ಬೇಕಾದಷ್ಟಿವೆ. ಮಾನಿಟರಿಂಗ್ ಸ್ಕ್ರಿಪ್ಟ್ ಮತ್ತು ಟ್ಯೂನಿಂಗ್ ಟೂಲ್ ಎರಡೂ ಒಂದೇ ಐ2ಸಿ ಬಸ್ (ಮಾಡ್ಯೂಲ್ ಜೊತೆ ಮಾತಾಡುವ ಎರಡು ತಂತಿಯ ದಾರಿ) ತೆರೆದುಕೊಂಡಿದ್ದವು. ಕ್ಯುಎಸ್‌ಎಫ್‌ಪಿಯಲ್ಲಿ (ನಾಲ್ಕು ಲೇನ್‌ನ ಮಾಡ್ಯೂಲ್) ಮೆಮೊರಿಯ ಮೇಲಿನ ಅರ್ಧ ಪೇಜ್‌ಗಳಾಗಿ ಬದಲಾಗುತ್ತದೆ; ಪೇಜ್ ಬದಲಿಸುವುದು 127ನೇ ಬೈಟ್, ಗೊತ್ತಲ್ವಾ. ಒಂದು ಪ್ರೋಗ್ರಾಂ ಪೇಜ್ 3 ಹಾಕಿ ಈಕ್ವಲೈಜರ್ (ಸಿಗ್ನಲ್ ತಿದ್ದುವ ಸೆಟ್ಟಿಂಗ್) ಬರೆಯಲು ಹೋಗುವಷ್ಟರಲ್ಲಿ ಇನ್ನೊಂದು ಪೇಜ್ 0 ಹಾಕಿಬಿಡುತ್ತದೆ. ಓದುವಾಗ ಹೀಗಾದರೆ ಕಸ ಬರುತ್ತದೆ, ಅಷ್ಟೇ. ಬರೆಯುವಾಗ ಆದರೆ 234ರ ಆಸುಪಾಸಿನ ಆ ಬೈಟ್‌ಗಳು ಪೇಜ್ 0ರಲ್ಲಿ ವೆಂಡರ್‌ಗೆ ಮೀಸಲಾದ ಜಾಗದ ಮೇಲೆ ಹೋಗಿ ಕೂರುತ್ತವೆ. ಕೆಲವು ಸ್ವಿಚ್‌ಗಳು ಅಲ್ಲಿನ ಗುರುತು ನೋಡಿಯೇ ಮಾಡ್ಯೂಲನ್ನು ಒಪ್ಪಿಕೊಳ್ಳುವುದು. ರೈಟ್ ಪ್ರೊಟೆಕ್ಟ್ ಇಲ್ಲದ ಮಾಡ್ಯೂಲ್ ಆದರೆ ಕಥೆ ಮುಗಿಯಿತು. ಹಾಗೆ ಹೋದ ಲಾಂಗ್ ರೀಚ್ ಮಾಡ್ಯೂಲ್‌ಗಳ ದುಡ್ಡೆಲ್ಲ ಸೇರಿಸಿದ್ದರೆ ಒಂದು ಹೊಸ ಸ್ವಿಚ್ ಬರುತ್ತಿತ್ತು.

ಮೊದಲು ಫೈಲ್ ಲಾಕ್ ಹಾಕಿ ನೋಡಿದೆ. ಲಾಕ್‌ಗೆ ಮರ್ಯಾದೆ ಕೊಡುವ ಪ್ರೋಗ್ರಾಂಗಳಿಗೆ ಮಾತ್ರ ಅದು ಲಾಕ್. ಯಾರೋ ಬಸ್ ನೇರ ಓದುವ ಐ2ಸಿಡಂಪ್ ಕಮಾಂಡ್ ಹೊಡೆದರೆ ಮುಗೀತು. ಪೇಜ್ ರೈಟ್ ಮತ್ತು ರೀಡ್ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಳಿಸಿಯೂ ನೋಡಿದೆ. ನಡುವೆ ಸ್ಟಾಪ್ (ಮಾತು ಮುಗಿಯಿತು ಎಂಬ ಸಂಕೇತ) ಬರದಿದ್ದರೆ ಕೆಲವು ಮಾಡ್ಯೂಲ್‌ಗಳು ಪೇಜ್ ಬದಲಿಸುವುದೇ ಇಲ್ಲ. ಇನ್ನೊಂದು ವಿಷಯ. ಮಾಡ್ಯೂಲ್‌ನ ಅಡ್ರೆಸ್ ಮೇಲೆ ಕರ್ನಲ್ ಡ್ರೈವರ್ ಕೂತಿದ್ದರೆ, ಆ ಅಡ್ರೆಸ್ ಕೇಳುವ ಐ2ಸಿ ಸ್ಲೇವ್ ಕರೆ ಬ್ಯುಸಿ ಎಂದು ವಾಪಸ್ ಬರುತ್ತದೆ. ಜನ ತಕ್ಷಣ ಆ ತಪಾಸಣೆ ದಾಟಿಸುವ ಫೋರ್ಸ್ ಹಾಕುತ್ತಾರೆ, ಹಾಕಲೇಬೇಡಿ. ಆದರೆ ಐ2ಸಿ ರೀಡ್-ರೈಟ್ ಕರೆಗೆ ಆ ತಪಾಸಣೆಯೇ ಇಲ್ಲ, ನೇರ ಒಳಗೆ ಹೋಗುತ್ತದೆ. ಬ್ಯುಸಿ ಬರಲಿಲ್ಲ ಅಂದರೆ ಬಸ್ ಖಾಲಿ ಇದೆ ಅಂತ ಅರ್ಥ ಅಲ್ಲ.

ಕೊನೆಗೆ ನಿಂತಿದ್ದು ಒಂದೇ ದಾರಿ: ಬಸ್‌ಗೆ ಒಬ್ಬನೇ ಯಜಮಾನ. ಯುಡೆವ್ ರೂಲ್ (ಡಿವೈಸ್ ಫೈಲ್ ಯಾರಿಗೆ ಸಿಗಬೇಕು ಎಂದು ಹೇಳುವ ಲಿನಕ್ಸ್ ನಿಯಮ) ಹಾಕಿ ಬಸ್‌ನ ಡಿವೈಸ್ ಫೈಲನ್ನು ಡೀಮನ್‌ನ ಯೂಸರ್‌ಗೆ ಮಾತ್ರ ಕೊಟ್ಟೆ. ಉಳಿದವರೆಲ್ಲ ಯುನಿಕ್ಸ್ ಸಾಕೆಟ್‌ನಲ್ಲಿ (ಪ್ರೋಗ್ರಾಂಗಳ ನಡುವಿನ ಮಾತಿನ ದಾರಿ) ಬಂದು ಕೇಳಬೇಕು. "ಪೋರ್ಟ್ 7, ಲೇಸರ್ ಆಫ್" ಅಂತ ಕೇಳಬಹುದು. ಇಂಥ ಬೈಟ್‌ಗೆ ಇಂಥದ್ದು ಬರಿ ಅಂತ ಕೇಳುವ ಹಾಗಿಲ್ಲ. ಮಾಡ್ಯೂಲ್‌ಗಳೆಲ್ಲ ಹೆಕ್ಸ್ 50 ಎಂಬ ಒಂದೇ ಅಡ್ರೆಸ್‌ನಲ್ಲಿ ಇರುವುದರಿಂದ, ಸಲಕ್ಕೆ ಒಂದನ್ನೇ ಬಸ್‌ಗೆ ಜೋಡಿಸುವ ಮಕ್ಸ್ ಬೇಕೇ ಬೇಕು. ಅದನ್ನು ಮಾತ್ರ ಕರ್ನಲ್‌ಗೇ ಬಿಟ್ಟಿದ್ದೇನೆ, ಕೆಲಸವಿಲ್ಲದಾಗ ಮಾಡ್ಯೂಲನ್ನು ಬಸ್‌ನಿಂದ ಬಿಡಿಸುವ ಐಡಲ್ ಡಿಸ್‌ಕನೆಕ್ಟ್ ಹಾಕಿ. ಇಲ್ಲದಿದ್ದರೆ ಎಸ್‌ಡಿಎ (ಡೇಟಾ ತಂತಿ) ಎಳೆದು ಹಿಡಿದ ಒಂದು ಮಾಡ್ಯೂಲ್ ಇಡೀ ಬಸ್ ನಿಲ್ಲಿಸುತ್ತದೆ.

ಒಂದೇ ಲೇನ್‌ನ ಚಿಕ್ಕ ಮಾಡ್ಯೂಲ್ ಆದ ಎಸ್‌ಎಫ್‌ಪಿಯಲ್ಲಿ ಲೇಸರ್ ಆಫ್ ಮಾಡುವುದನ್ನೇ ನೋಡಿ. ಮೊದಲು 93ನೇ ಬೈಟ್ ಓದಿ, ಸಾಫ್ಟ್ ಡಿಸೇಬಲ್ (ಬಿಟ್ ಬರೆದು ಲೇಸರ್ ಆರಿಸುವ ಸೌಲಭ್ಯ) ಇದೆಯಾ ನೋಡುತ್ತೇನೆ. ಸೀರಿಯಲ್ ನಂಬರ್ ಮತ್ತೆ ಓದುತ್ತೇನೆ, ಅಷ್ಟರಲ್ಲಿ ಯಾರಾದರೂ ಮಾಡ್ಯೂಲ್ ಬದಲಿಸಿರಬಹುದು. ಆಮೇಲೆ ಎ2 ಕಡೆ (ಡಿಡಿಎಂ ಇರುವ ಎರಡನೇ ಅಡ್ರೆಸ್) 110ನೇ ಬೈಟಿನ 6ನೇ ಬಿಟ್ ಮಾತ್ರ ಬದಲಿಸಿ ಬರೆಯುತ್ತೇನೆ, ವೇಗ ಆರಿಸುವ ರೇಟ್ ಸೆಲೆಕ್ಟ್ ಕೂಡ ಅದೇ ಬೈಟಿನಲ್ಲಿದೆ. ಆ ಬಿಟ್ ವಾಪಸ್ ಓದಿದರೆ ಸಾಲದು. 100-101ರಲ್ಲಿ ಬಯಾಸ್ ಕರೆಂಟ್ (ಲೇಸರ್‌ಗೆ ಹೋಗುವ ಕರೆಂಟ್) ಸೊನ್ನೆಯ ಹತ್ತಿರ ಇಳಿಯಬೇಕು, ಆಗಲೇ ಆಫ್ ಆಯಿತು ಅಂತ ಉತ್ತರ. ಬಿಟ್ ಹಾಕಿಸಿಕೊಂಡು ಲೇಸರ್ ಉರಿಸುತ್ತಲೇ ಇದ್ದ ಮಾಡ್ಯೂಲ್‌ಗಳು ಹೀಗೆ ಸಿಕ್ಕಿಬಿದ್ದವು.

ಬಿಡುವಿನಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಕೆಲವು ಜಿಪಾನ್ ಸ್ಟಿಕ್‌ಗಳು (ಮನೆಗೆ ಬರುವ ಫೈಬರ್ ಲೈನ್‌ಗಾಗಿ ಎಸ್‌ಎಫ್‌ಪಿ ಆಕಾರದಲ್ಲಿರುವ ಮೋಡೆಮ್) ಒಂದೊಂದೇ ಬೈಟ್ ಓದಿದರೆ ಮಾತ್ರ ಸರಿಯಾಗಿ ಉತ್ತರ ಕೊಡುತ್ತವೆ. ಆದರೆ ಉಷ್ಣತೆ ಇರುವುದು ಎರಡು ಬೈಟ್‌ನಲ್ಲಿ: ಮೇಲಿನದರಲ್ಲಿ ಪೂರ್ಣ ಡಿಗ್ರಿ, ಕೆಳಗಿನದರಲ್ಲಿ ಡಿಗ್ರಿಯ ಭಾಗ. 40.99 ಡಿಗ್ರಿಯಿಂದ 41ಕ್ಕೆ ದಾಟುವ ಕ್ಷಣದಲ್ಲಿ ಬಿಡಿಬಿಡಿಯಾಗಿ ಓದಿದರೆ ಹಳೆಯ ಮೇಲಿನ ಬೈಟ್, ಹೊಸ ಕೆಳಗಿನ ಬೈಟ್ ಸೇರಿ 40.0 ಬರುತ್ತದೆ. ಗ್ರಾಫ್‌ನಲ್ಲಿ ಸುಮ್ಸುಮ್ನೆ ಒಂದು ಡಿಗ್ರಿ ಗುಂಡಿ. ಮೇಲಿನ ಬೈಟ್, ಕೆಳಗಿನದು, ಮತ್ತೆ ಮೇಲಿನದು ಓದಿ, ಮೇಲಿನದು ಎರಡು ಸಲವೂ ಒಂದೇ ಬಂದರೆ ಮಾತ್ರ ತೆಗೆದುಕೊಂಡೆ. ಗುಂಡಿ ಹೋಯಿತು. ಇದೇ ಸ್ಟಿಕ್‌ಗಳು ಪೂರ್ತಿ ಹ್ಯಾಂಗ್ ಆದಾಗ ಪವರ್ ತೆಗೆಯದೆ ಎಬ್ಬಿಸುವ ಉಪಾಯವೂ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಡೀಮನ್ ಸತ್ತರೆ? ಲಿಂಕ್‌ಗೆ ಏನೂ ಆಗುವುದಿಲ್ಲ, ಮಾಡ್ಯೂಲ್ ಇದ್ದ ಸ್ಥಿತಿಯಲ್ಲೇ ಇರುತ್ತದೆ. ಮತ್ತೆ ಎದ್ದಾಗ ಅದು ಮೊದಲು ಎಲ್ಲ ಪೋರ್ಟ್ ಓದುತ್ತದೆ, ಒಂದು ಬೈಟೂ ಬರೆಯುವುದಿಲ್ಲ. ಹಳೆಯ ಸ್ಥಿತಿಯನ್ನು ಫೈಲ್‌ನಲ್ಲಿಟ್ಟು ವಾಪಸ್ ಹಾಕುವ ಟೂಲ್‌ಗಳನ್ನು ನಾನು ನಂಬುವುದಿಲ್ಲ. ಹೊಸದಾಗಿ ಸಿಕ್ಕಿಸಿದ ಕ್ಯುಎಸ್‌ಎಫ್‌ಪಿಗೆ ಎರಡು ಸೆಕೆಂಡ್, ಎಸ್‌ಎಫ್‌ಪಿಗೆ 300 ಮಿಲಿಸೆಕೆಂಡ್ ಬಿಟ್ಟೇ ಮಾತಾಡಿಸುವುದು.

ಫರ್ಮ್‌ವೇರ್ ಬರೆಯುವುದನ್ನು ಮಾತ್ರ ಇದಕ್ಕೆ ಕೊಟ್ಟಿಲ್ಲ. ಸಿಎಂಐಎಸ್ (ಹೊಸ ತಲೆಮಾರಿನ ನಿಯಂತ್ರಣ ಮಾನದಂಡ) ಮಾಡ್ಯೂಲ್‌ಗಳಿಗೆ ಹೊಸ ಕರ್ನಲ್‌ಗಳಲ್ಲಿ ಎಥ್‌ಟೂಲ್ (ನೆಟ್‌ವರ್ಕ್ ಪೋರ್ಟ್ ನೋಡಿಕೊಳ್ಳುವ ಲಿನಕ್ಸ್ ಕಮಾಂಡ್) ಮೂಲಕವೇ ಆ ದಾರಿ ಇದೆ, ಆ ಕೆಲಸ ಅಲ್ಲೇ ಇರಲಿ.